ಆರನೆಯ ಡಬ್ಬಿ

ಐದನೆಯ ಡಬ್ಬಿ ಇದ್ದಲ್ಲೇ ಇತ್ತು. ಬೂದಿಯಕ್ಕ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಅಟ್ಟದ ಮರದ ಪಟ್ಟಿಗಳ ಮೇಲೆ ಹೊಟ್ಟೆ ಎಳೆಯುತ್ತ ಮುಂದಕ್ಕೆ ಸರಿದಳು. ನೆತ್ತಿಗೂ ಸೂರಿನ ತಗಡಿಗೂ ನಡುವೆ ಒಂದು ಗೇಣು. ಕೈಯೂರಿದಲ್ಲೆಲ್ಲ ಚಳಿ ಬಿಸಿಲು ತಡೆಯಲು ಹಾಸಿದ ಗಾಜಿನ ಹತ್ತಿ. ನೋಡಿದರೆ ಮಲಗಿಬಿಡೋಣ ಅನ್ನಿಸುವಂಥ ಮೋಡ, ಮುಟ್ಟಿದರೆ ಸಾವಿರ ಸೂಜಿ.

ಬೂದಿಯಕ್ಕ ಎಂಬುದು ಹೆತ್ತವರು ಇಟ್ಟ ಹೆಸರೇನಲ್ಲ. ಬೆಂಕಿ ಬಿದ್ದ ಮನೆಗಳ ಬೂದಿ ಕೆದಕಿ ಕಾರಣ ಹೇಳುವುದು ಅವಳ ಕೆಲಸ; ಅಗ್ನಿಶಾಮಕ ಕಚೇರಿಯಲ್ಲಿ ಯಾರೋ ತಮಾಷೆಗೆ ಕರೆದದ್ದು ಅಂಟಿಕೊಂಡಿತ್ತು. ಎಂಟು ದಿನದ ಹಿಂದೆ ಈ ಮನೆಯ ಮೇಲಿನ ಕೋಣೆಗೆ ಬೆಂಕಿ ಬಿದ್ದು ಯಜಮಾನನ ತಾಯಿಯ ಎರಡೂ ಕೈ ಸುಟ್ಟಿದ್ದವು. ಬೂದಿಯಕ್ಕ ಬರೆದುಕೊಟ್ಟ ವರದಿಯ ಮೇಲೆ, ಈ ಮನೆಯ ವೈರಿಂಗ್ ಮಾಡಿದ ಡಬ್ಬಿ ಮೇಸ್ತ್ರಿ ಒಂದು ವಾರದಿಂದ ಪೊಲೀಸರ ವಶದಲ್ಲಿದ್ದ. ಇವತ್ತು ಸಂಜೆ ನಾಲ್ಕಕ್ಕೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವವರಿದ್ದರು.

ಆ ವರದಿಯ ಮೂರನೆಯ ಸಾಲು: ‘ಅಟ್ಟ ಹತ್ತಿ ಪರಿಶೀಲಿಸಲಾಯಿತು.’

ಅವಳು ಹತ್ತಿರಲಿಲ್ಲ.

ಅವತ್ತು ಏಣಿಯ ನಾಲ್ಕನೆಯ ಮೆಟ್ಟಿಲವರೆಗೆ ಹೋಗಿ, ಕಿಂಡಿಯಿಂದ ಟಾರ್ಚು ಬಿಟ್ಟು, ದೀಪವಿದ್ದ ತೂತಿನ ಅಂಚಿಗೆ ಕಪ್ಪಾದ ಹತ್ತಿ ಒತ್ತಿಕೊಂಡಿದ್ದನ್ನು ಕಂಡು ಇಳಿದುಬಿಟ್ಟಿದ್ದಳು. ವೈರಿಂಗಿನವನು ದೀಪದ ಸುತ್ತ ಜಾಗ ಬಿಟ್ಟಿಲ್ಲ ಎಂದು ಬರೆಯುವುದಕ್ಕೆ ಅಷ್ಟು ಸಾಕಾಗಿತ್ತು. ಮಧ್ಯಾಹ್ನ ಇಲಾಖೆಯಲ್ಲಿ ಅವಳಿಗೆ ಪ್ರಶಸ್ತಿಪತ್ರ ಕೊಡುವವರಿದ್ದರು. ಎಲ್ಲರಿಗಿಂತ ಬೇಗ ವರದಿ ಮುಗಿಸುವವಳು ಎಂದು. ಫೋಟೋದವನು ಬರುವವನಿದ್ದ. ಸಮವಸ್ತ್ರಕ್ಕೆ ಬೆಳಿಗ್ಗೆಯಷ್ಟೇ ಇಸ್ತ್ರಿ ಹಾಕಿದ್ದಳು.

ಮರುದಿನದ ಪತ್ರಿಕೆಯಲ್ಲಿ ಒಂದೇ ಪುಟದಲ್ಲಿ ಎರಡು ಚಿತ್ರ ಬಂದವು. ಎಡಕ್ಕೆ ಪತ್ರ ಹಿಡಿದು ನಗುತ್ತಿರುವ ಅವಳು. ಬಲಕ್ಕೆ ಇಬ್ಬರು ಪೊಲೀಸರ ನಡುವೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡ ಮೇಸ್ತ್ರಿ.

ಆ ಪುಟವನ್ನು ನಾಲ್ಕಾಗಿ ಮಡಚಿಕೊಂಡು ಇವತ್ತು ಬೆಳಿಗ್ಗೆ ಮೇಸ್ತ್ರಿಯ ಹೆಂಡತಿ ಕಚೇರಿಗೆ ಬಂದಿದ್ದಳು. ಅಳಲಿಲ್ಲ, ಬೈಯಲಿಲ್ಲ. ಫೋಟೋದಲ್ಲಿದ್ದ ಬೂದಿಯಕ್ಕನ ತೋಳಿನ ಮೇಲೆ ಬೆರಳಿಟ್ಟಳು.

"ಮೂವತ್ತು ವರ್ಷದಿಂದ ಅವರ ಅಟ್ಟದ ಬಟ್ಟೆನ ಬೇರೆ ಬಕೆಟ್ಟಲ್ಲಿ ಒಗೀತಿದೀನಿ ಮೇಡಂ. ಅಟ್ಟ ಇಳಿದು ಬಂದೋರ ತೋಳು ಹೀಗೆ ಫಳಫಳ ಅನ್ನಲ್ಲ. ವರದಿ ತಾರೀಕೂ ಈ ಫೋಟೋ ತಾರೀಕೂ ಒಂದೇ. ನೀವು ಹತ್ತಿದ್ರಾ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಎಂದು ಕತೆಗಳಲ್ಲಿ ಹೆಂಗಸರು ಬೇಡಿಕೊಳ್ಳುತ್ತಾರೆ. ಕಚೇರಿಯ ನೆಲಕ್ಕೆ ಕಲ್ಲು ಹಾಸಿತ್ತು, ಅದು ಬಾಯಿ ಬಿಡಲಿಲ್ಲ. ಬೂದಿಯಕ್ಕ ಎದ್ದು, ಹಳೆಯ ಪ್ಯಾಂಟು ಶರಟು ಹಾಕಿಕೊಂಡು, ಇಲ್ಲಿಗೆ ಬಂದಿದ್ದಳು.

ಈಗ ಆರನೆಯ ದೀಪದ ಜಾಗಕ್ಕೆ ತಲುಪಿದಳು. ಅಲ್ಲಿ ಬುಟ್ಟಿಯಗಲದ ತೂತು. ತೂತಿನ ಕೆಳಗೆ ಸುಟ್ಟ ಮಂಚದ ಕಬ್ಬಿಣದ ಕಟ್ಟು.

ಈ ಮನೆಯ ದೀಪಗಳು ಹಳೆಯ ತರಹದವು. ಚಾವಣಿಯೊಳಗೆ ಮೈ ಹುದುಗಿಸಿ ಮುಖವಷ್ಟೇ ಕೆಳಗೆ ತೋರಿಸುತ್ತವೆ. ಬೆಳಕು ಕೋಣೆಗೆ, ಬಿಸಿಯೆಲ್ಲ ಅಟ್ಟಕ್ಕೆ. ಹೊಸದಾಗಿ ಬಂದಿರುವ ಕೆಲವು ದೀಪಗಳಿಗೆ ಮೇಲಿನಿಂದ ಹತ್ತಿ ಹೊದಿಸಿದರೂ ತೊಂದರೆಯಿಲ್ಲ, ಅವುಗಳ ಮೈಮೇಲೆ ಹಾಗೆಂದು ಬರೆದೇ ಇರುತ್ತದೆ. ಇವುಗಳ ಮೇಲೆ ಬರೆದದ್ದು ‘ಮುಚ್ಚಬಾರದು’ ಎಂದು. ಸುತ್ತ ನಾಲ್ಕು ಬೆರಳು ಖಾಲಿ ಬಿಡಬೇಕು, ಮೇಲೆ ಬಯಲಿರಬೇಕು.

ಆ ನಾಲ್ಕು ಬೆರಳನ್ನು ಕಾಯುವುದಕ್ಕೇ ಮೇಸ್ತ್ರಿ ಡಬ್ಬಿಗಳನ್ನು ಇಡುತ್ತಿದ್ದ. ಬೇಕರಿಯಿಂದ ದೊಡ್ಡ ಬಿಸ್ಕತ್ತಿನ ತಗಡಿನ ಡಬ್ಬಿ ತಂದು, ತಳ ಮುಚ್ಚಳ ಎರಡೂ ಕತ್ತರಿಸಿ, ಕೈ ಕೊಯ್ಯದ ಹಾಗೆ ಅಂಚು ಮಡಚಿ, ದೊಡ್ಡ ಬಳೆಯ ಹಾಗೆ ದೀಪದ ಸುತ್ತ ನಿಲ್ಲಿಸುತ್ತಿದ್ದ. ಹತ್ತಿಗಿಂತ ಎರಡು ಬೆರಳು ಎತ್ತರ. ಅತ್ತೆ ಸೊಸೆ ನಡುವೆ ಒಂದು ಗೋಡೆಯಿದ್ದರೆ ಇಬ್ಬರೂ ತಣ್ಣಗಿರುತ್ತಾರೆ, ಹತ್ತಿಗೂ ದೀಪಕ್ಕೂ ಅದೇ ನ್ಯಾಯ ಎಂದು ನಗಿಸುತ್ತಿದ್ದನಂತೆ. ಪ್ರತಿ ಡಬ್ಬಿಯ ಒಳಮೈಗೂ ಮೊಳೆಯಿಂದ ಗೀಚಿದ ಅಂಕಿ. ಒಂದು, ಎರಡು, ಮೂರು, ನಾಲ್ಕು, ಐದು. ಐದನ್ನೂ ಅವಳು ಮುಟ್ಟಿ ನೋಡಿದ್ದಳು.

ಐದು ದೀಪಕ್ಕೆ ಡಬ್ಬಿಯಿಟ್ಟವನು ಆರನೆಯದಕ್ಕೆ ಬಿಟ್ಟನೇ?

ತಗಡು ಸುಟ್ಟು ಹೋಗುವ ವಸ್ತುವಲ್ಲ. ನೀಲಿಗಟ್ಟಬಹುದು, ಸೊಟ್ಟಗಾಗಬಹುದು. ಬೂದಿಯಲ್ಲಾದರೂ ಸಿಗಬೇಕು. ಅವಳು ಅಂಗೈಯಿಂದ ಬೂದಿ ಸರಿಸಿದಳು. ಉಗುರಿನಿಂದ ಕೆರೆದಳು. ಡಬ್ಬಿ ಇರಲಿಲ್ಲ. ಉಳಿದಿದ್ದ ಚಾವಣಿಯ ಹಲಗೆಯ ಮೇಲೆ ಮಾತ್ರ ಬಳೆಯ ಕಾಲುಭಾಗದಂಥ ಒಂದು ಗೀರಿತ್ತು. ಡಬ್ಬಿ ವರ್ಷಗಟ್ಟಲೆ ಕೂತು ಬಿಟ್ಟ ಗುರುತು.

ಇತ್ತು. ಬೆಂಕಿಗೆ ಮುಂಚೆಯೇ ಯಾರೋ ತೆಗೆದಿದ್ದರು.

ಮರದ ಪಟ್ಟಿಯ ಸಂದಿನಲ್ಲಿ ಇನ್ನೊಂದು ಸಿಕ್ಕಿತು. ಗಾಜಿನ ಹತ್ತಿ ಹೊತ್ತಿ ಉರಿಯುವುದಿಲ್ಲ, ಕಪ್ಪಾಗಿ ಕುಗ್ಗುತ್ತದೆ. ಇದು ಬೆರಳಿಗೆ ಮೆತ್ತಗೆ ಪುಡಿಯಾಯಿತು. ಗಿಡದ ಹತ್ತಿ. ಜೊತೆಗೆ ಉಗುರಿನಷ್ಟು ಬಟ್ಟೆ, ಇದ್ದಿಲಿನಷ್ಟು ಕಪ್ಪು, ಅದರ ಮೇಲೆ ಕೈಯಲ್ಲಿ ಹಾಕಿದ ನಾಲ್ಕು ಹೊಲಿಗೆ. ಅವಳು ಅದನ್ನು ಕಾಗದದ ಪೊಟ್ಟಣಕ್ಕೆ ಹಾಕಿಕೊಂಡಳು. ಏಳು ದಿನದ ಹಿಂದೆ ಇನ್ನೂ ಮೂರು ಮೆಟ್ಟಿಲು ಹತ್ತಿದ್ದರೆ ಇದೆಲ್ಲ ಅವತ್ತೇ ಸಿಗುತ್ತಿತ್ತು.

ಕಿಂಡಿಯಿಂದ ಇಳಿಯುವಾಗ ಅವಳ ಸೊಂಟ ಎರಡೂ ಕಡೆ ತಗುಲಿತು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಳು. ಮನೆಯ ಯಜಮಾನ ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬರದಂಥ ಆಳು. ಹೊಸ ದೀಪ ಹಾಕಿಸಿ ಎಂದು ಮೇಸ್ತ್ರಿ ಹೇಳಿದಾಗಲೆಲ್ಲ ಆಮೇಲೆ ನೋಡೋಣ ಎಂದವನು, ಬೆಂಕಿಯ ಮರುದಿನ ಎಲ್ಲರಿಗಿಂತ ಜೋರಾಗಿ ಮೇಸ್ತ್ರಿಯ ಮೇಲೆ ಕೂಗಾಡಿದವನು. ಅನುಮಾನಕ್ಕೆ ಹೇಳಿ ಮಾಡಿಸಿದ ಹಾಗಿದ್ದ. ಆದರೆ ಈ ಕಿಂಡಿಯಲ್ಲಿ ಅವನ ಒಂದು ಭುಜವೂ ಹೋಗಲಾರದು. ಅವನ ತಾಯಿಗೆ ಮಂಡಿನೋವು, ಮಂಚ ಇಳಿಯುವುದೇ ಕಷ್ಟ. ಹತ್ತಬಲ್ಲವರು ಇಬ್ಬರೇ. ಕಡ್ಡಿಯಂಥ ಮೇಸ್ತ್ರಿ.

ಮತ್ತು ಈ ಮನೆಯ ಸೊಸೆ.

ಹಿತ್ತಲ ನಲ್ಲಿಯಲ್ಲಿ ತಣ್ಣೀರು ಬಿಟ್ಟುಕೊಂಡು ಬೂದಿಯಕ್ಕ ಮೊಣಕೈವರೆಗೆ ತೊಳೆದಳು. ತುರಿಕೆ ಹೋಗಲಿಲ್ಲ. ತಲೆ ಎತ್ತಿದಾಗ ಗೋಡೆ ಬದಿಯ ಮಡಿಯಲ್ಲಿ ಟೊಮೆಟೊ ಸಸಿಗಳು ಕಂಡವು. ಒಂದು ಸಸಿಗೆ ಮಾತ್ರ ಬೇಲಿ. ತಗಡಿನ ಬೇಲಿ, ಅದರ ಹೊರಮೈಯಲ್ಲಿ ಅಟ್ಟದ ಡಬ್ಬಿಗಳ ಮೇಲಿದ್ದಂಥದೇ ಮಾಸಿದ ಹಂಸದ ಚಿತ್ರ.

ಅವಳು ಕುಕ್ಕರುಗಾಲಲ್ಲಿ ಕೂತು ಒಳಮೈ ನೋಡಿದಳು. ಒಂದಿಷ್ಟೂ ಮಸಿಯಿಲ್ಲ. ಮೊಳೆಯಲ್ಲಿ ಗೀಚಿದ ಅಂಕಿ ಬಿಸಿಲಿಗೆ ಹೊಳೆಯುತ್ತಿತ್ತು. ಆರು.

ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಆಸ್ಪತ್ರೆಗೆ ಒಯ್ಯಲು ಫ್ಲಾಸ್ಕಿಗೆ ಗಂಜಿ ತುಂಬುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಮುಚ್ಚಳ. ಬೂದಿಯಕ್ಕ ಡಬ್ಬಿಯ ಅಂಕಿಯ ಮೇಲೆ ಬೆರಳಿಟ್ಟಳು.

"ಕೋಳಿ ಕೆದಕುತ್ತೆ ಅಂತ ಇಟ್ಟೆ" ಎಂದಳು ಸೊಸೆ. "ಆ ಸಸಿನ."

"ಡಬ್ಬಿ ಎಲ್ಲಿ ಸಿಕ್ತು?"

ಸೊಸೆ ಮೆಟ್ಟಿಲ ಮೇಲೆ ಕೂತಳು. ಫ್ಲಾಸ್ಕನ್ನು ಪಕ್ಕದಲ್ಲಿಟ್ಟು, ಮುಚ್ಚಳ ಹಾಕಿ, ತಿರುಗಿಸಿ, ಮತ್ತೆ ತಿರುಗಿಸಿ ಬಿಗಿ ಮಾಡಿದಳು. ಸುಳ್ಳು ಹುಡುಕುತ್ತಿರುವವರ ಮುಖ ಬೂದಿಯಕ್ಕನಿಗೆ ಗೊತ್ತಿತ್ತು. ಇದು ಆ ಮುಖವಾಗಿರಲಿಲ್ಲ. ಎಂಟು ದಿನದಿಂದ ಯಾರಾದರೂ ಕೇಳಲಿ ಎಂದು ಕಾದು ಸುಸ್ತಾದ ಮುಖ.

ಚಳಿಯಿಂದ ಶುರುವಾಯಿತು ಎಂದು ಅವಳು ಹೇಳಿದಳು. ಆ ದೀಪದ ಸುತ್ತಲಿನ ಸಂದಿನಿಂದ ಅಟ್ಟದ ತಣ್ಣನೆಯ ಗಾಳಿ ನೇರ ಅತ್ತೆಯ ಎದೆಯ ಮೇಲೆ ಇಳಿಯುತ್ತಿತ್ತು. ಮಂಚ ಸರಿಸಲು ಜಾಗವಿರಲಿಲ್ಲ. ಅತ್ತೆ ರಾತ್ರಿಯೆಲ್ಲ ಕೆಮ್ಮುವುದು, ಗಂಡ ನಾಳೆ ನೋಡೋಣ ಎನ್ನುವುದು, ಹೀಗೆ ಒಂದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಅತ್ತೆಗೆ ಜೊಂಪು ಹತ್ತಿದಾಗ ತಾನೇ ಏಣಿ ಹಾಕಿಕೊಂಡು ಹತ್ತಿದಳು. ಸಂದನ್ನು ಮುಚ್ಚಲು ಹಳೆಯ ರಜಾಯಿಯೊಂದನ್ನು ಒಯ್ದಿದ್ದಳು. ಹಸಿರು ಅಂಚಿನದು, ತವರಿಂದ ತಂದದ್ದು. ಡಬ್ಬಿ ಅಡ್ಡ ಬಂತು, ಎತ್ತಿದಳು. ರಜಾಯಿಯನ್ನು ಎರಡು ಮಡಿಕೆ ಮಾಡಿ ದೀಪದ ಮೇಲೆ ಹೊದಿಸಿದಳು. ಅವತ್ತು ರಾತ್ರಿ ಅತ್ತೆ ಕೆಮ್ಮಲಿಲ್ಲ.

"ಡಬ್ಬಿ ಯಾಕಿತ್ತು ಅಂತ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಎಂದಿದ್ದರೆ ಬೂದಿಯಕ್ಕ ನಂಬಿಬಿಡುತ್ತಿದ್ದಳು. ನಂಬಲು ಅವಳಿಗೂ ಆಸೆಯಿತ್ತು.

"ಗೊತ್ತಿತ್ತು" ಎಂದಳು ಸೊಸೆ. "ಮೇಸ್ತ್ರಿ ನನ್ನನ್ನೇ ನಿಲ್ಲಿಸಿ ಹೇಳಿದ್ರು. ನಾಲ್ಕು ಬೆರಳು ಬಿಡಿ, ಮೇಲೆ ಏನೂ ಹಾಕ್ಬೇಡಿ, ಗಾಳಿ ಬಂದ್ರೆ ನನ್ನ ಕರೀರಿ, ಬೇರೆ ದೀಪ ಹಾಕ್ಕೊಡ್ತೀನಿ ಅಂತ. ಅಂಗೈಯಷ್ಟು ದೀಪ, ಏನ್ಮಾಡತ್ತೆ ಅಂದ್ಕೊಂಡೆ."

ಕತೆಗಳಲ್ಲಿ ತೆರೆಯಬೇಡ ಅಂದ ಬಾಗಿಲನ್ನೇ ತೆರೆಯುತ್ತಾರೆ. ಮನೆಗಳಲ್ಲಿ ಮುಚ್ಚಬೇಡ ಅಂದ ದೀಪವನ್ನೇ ಮುಚ್ಚುತ್ತಾರೆ.

ಆಮೇಲೆ ದೀಪದಲ್ಲಿ ಏನಾದರೂ ಬದಲಾವಣೆ ಕಂಡಿತೇ ಎಂದು ಬೂದಿಯಕ್ಕ ಕೇಳಿದಳು. ಕಂಡಿತ್ತು. ಒಂದೆರಡು ಗಂಟೆ ಉರಿದ ಮೇಲೆ ತಾನೇ ಆರುತ್ತಿತ್ತು, ಸ್ವಲ್ಪ ಹೊತ್ತಾದರೆ ತಾನೇ ಹೊತ್ತಿಕೊಳ್ಳುತ್ತಿತ್ತು. ಬಲ್ಬು ಸಡಿಲವಾಗಿರಬೇಕು ಎಂದುಕೊಂಡಿದ್ದಳಂತೆ. ಬಲ್ಬು ಸಡಿಲವಾಗಿರಲಿಲ್ಲ. ದೀಪದೊಳಗೆ ಬಿಸಿ ಮಿತಿಮೀರಿದಾಗ ಕರೆಂಟು ಕಡಿಯುವ ಒಂದು ಚಿಕ್ಕ ತುಣುಕಿರುತ್ತದೆ. ಉಸಿರು ಕಟ್ಟಿದವರು ಕೈಸನ್ನೆ ಮಾಡುವ ಹಾಗೆ ದೀಪ ದಿನವೂ ಸನ್ನೆ ಮಾಡುತ್ತಿತ್ತು. ದಿನವೂ ಕಡಿದು ಕಡಿದು ಆ ತುಣುಕೇ ಸವೆದು, ಒಂದು ದಿನ ಕಡಿಯಲಿಲ್ಲ.

ಇದನ್ನು ವಿವರಿಸುವಾಗ ಬೂದಿಯಕ್ಕನಿಗೆ ತನ್ನ ದನಿ ತನಗೇ ಹಿಡಿಸಲಿಲ್ಲ. ಪಾಠ ಹೇಳುವವಳ ದನಿ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಬೆಂಕಿ ಬಿದ್ದಾಗ ಹೊಗೆಯೊಳಗೆ ನುಗ್ಗಿ ಅತ್ತೆಯನ್ನು ಎಳೆದು ತಂದವಳು ಅವಳೇ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ನೆಂಟರು ಬಂದರು, ನೆರೆಯವರು ಬಂದರು, ಗಂಡನ ಅಣ್ಣಂದಿರು ಫೋನು ಮಾಡಿದರು, ಸೊಸೆ ಅಂದರೆ ಹೀಗಿರಬೇಕು ಅಂದರು. ಆಸ್ಪತ್ರೆಯಲ್ಲಿ ಅತ್ತೆ ಬ್ಯಾಂಡೇಜು ಸುತ್ತಿದ ಎರಡು ಕೈಯನ್ನೂ ಅವಳ ಮಡಿಲಲ್ಲಿಟ್ಟು, ಹೆತ್ತ ಮಗಳೂ ಇಷ್ಟು ಮಾಡುತ್ತಿರಲಿಲ್ಲ ಅಂದರು.

"ಅವತ್ತೇ ಹೇಳ್ಬೇಕಿತ್ತು. ಬಾಯಿ ತೆಗೆದೆ. ಅಷ್ಟರಲ್ಲಿ ನಮ್ಮವರು ಬಂದು, ಮೇಸ್ತ್ರೀನ ಹಿಡಿದ್ರು, ಅವನದೇ ತಪ್ಪು ಅಂತ ಆಫೀಸಿನವರು ಅಟ್ಟ ಹತ್ತಿ ನೋಡಿ ಬರೆದಿದ್ದಾರೆ ಅಂದ್ರು. ಅಟ್ಟ ಹತ್ತಿ ನೋಡಿದೋರಿಗೇ ಗೊತ್ತಾಗಿಲ್ಲ ಅಂದ್ಮೇಲೆ ನಂದಲ್ವೇನೋ ಅನ್ನಿಸ್ತು ಅಕ್ಕ. ನಂದಲ್ವೇನೋ ಅಂತ ನಿಜವಾಗ್ಲೂ ಅಂದ್ಕೊಂಡೆ. ಎರಡು ರಾತ್ರಿ ನಿದ್ದೆ ಬಂತು."

ಬೂದಿಯಕ್ಕ ನಲ್ಲಿಯ ಕಡೆ ನೋಡಿದಳು. ಅದು ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಎದ್ದು ಹೋಗಿ ಬಿಗಿ ಮಾಡಿದಳು. ವಾಪಸು ಬಂದು ಅದೇ ಮೆಟ್ಟಿಲ ಮೇಲೆ, ಸೊಸೆಯ ಪಕ್ಕ ಕೂತಳು. ತನಿಖೆಗೆ ಬಂದವರು ಹಾಗೆ ಕೂರುವುದಿಲ್ಲ.

"ನಾನು ಹತ್ತಿರ್ಲಿಲ್ಲ" ಅಂದಳು.

ಸೊಸೆಗೆ ಅರ್ಥವಾಗಲಿಲ್ಲ.

"ಅವತ್ತು ನಾನು ಅಟ್ಟ ಹತ್ತೇ ಇಲ್ಲ. ಹತ್ತಿದೆ ಅಂತ ಬರೆದೆ. ಫೋಟೋ ಇತ್ತು, ಬಟ್ಟೆ ಕೊಳೆಯಾಗತ್ತೆ ಅಂತ."

ಸೊಸೆ ಒಮ್ಮೆ ಅವಳ ಕೆಂಪಾದ ಮೊಣಕೈಯನ್ನು ನೋಡಿ, ಕೊಬ್ಬರಿ ಎಣ್ಣೆ ಹಚ್ಚಿದರೆ ಉರಿ ಹೆಚ್ಚಾಗುತ್ತದೆ, ಹಚ್ಚಬೇಡಿ ಎಂದು ಮೆಲ್ಲಗೆ ಹೇಳಿದಳು. ಬೈದಿದ್ದರೆ ವಾಸಿಯಿತ್ತು.

ಅಡುಗೆಮನೆಯ ಮೇಜಿನ ಮುಂದೆ ಕೂತು ಬೂದಿಯಕ್ಕ ಬರೆದಳು. ಇಷ್ಟು ವರ್ಷ ಕಚೇರಿಯಲ್ಲಿ ಎಲ್ಲರಿಗಿಂತ ಬೇಗ ಬರೆಯುತ್ತಿದ್ದವಳಿಗೆ ಮೊದಲ ಸಾಲಿಗೆ ಹತ್ತು ನಿಮಿಷ ಹಿಡಿಯಿತು. ‘ನನ್ನ ಹಿಂದಿನ ವರದಿಯ ಮೂರನೆಯ ಸಾಲು ಸುಳ್ಳು.’ ಅದರ ಕೆಳಗೆ ಡಬ್ಬಿಗಳ ಅಂಕಿ, ಹಲಗೆಯ ಮೇಲಿನ ಗೀರು, ಸುಟ್ಟ ಬಟ್ಟೆಯ ಹೊಲಿಗೆ, ಸಸಿಯ ಬೇಲಿ. ಸೊಸೆ ತನ್ನ ಮಾತಿನ ಕೆಳಗೆ ಸಹಿ ಹಾಕಿದಳು. ಹಾಕುವ ಮುಂಚೆ, ಅತ್ತೆಗೆ ಇದನ್ನು ಬೇರೆಯವರು ಹೇಳುವುದು ಬೇಡ, ತಾನೇ ಹೇಳುತ್ತೇನೆ ಎಂದಷ್ಟೇ ಕೇಳಿಕೊಂಡಳು. ಗಂಟೆ ಮೂರಾಗಿತ್ತು. ನ್ಯಾಯಾಲಯಕ್ಕೆ ಅರ್ಧ ಗಂಟೆಯ ದಾರಿ. ಈ ಹಾಳೆ ತಲುಪಿದರೆ ಮೇಸ್ತ್ರಿ ಇವತ್ತೇ ಮನೆಗೆ ಹೋಗುತ್ತಾನೆ. ತನ್ನ ಕೆಲಸ ಹೋಗುತ್ತದೆ, ಹೋಗಬೇಕಾದ್ದೇ.

ಮುಂಚಿತವಾಗಿ ತಿಳಿಸೋಣವೆಂದು ಅವಳು ಕಚೇರಿಗೆ ಫೋನು ಮಾಡಿದಳು. ಅವಳ ಮೇಲಿನ ಅಧಿಕಾರಿಯನ್ನು ಎಲ್ಲರೂ ದೊಡ್ಡವರು ಅನ್ನುತ್ತಿದ್ದರು. ಅವಳು ಅಟ್ಟ ಹತ್ತದ ವಿಷಯ ಹೇಳಿ ಮುಗಿಸುವವರೆಗೂ ದೊಡ್ಡವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ನಿಟ್ಟುಸಿರು ಬಿಟ್ಟರು.

"ನಿನ್ನ ಮಾತು ಆಮೇಲೆ ನೋಡೋಣಮ್ಮ. ಈಗಷ್ಟೇ ಸ್ಟೇಷನ್ನಿಂದ ಕಾಗದ ಬಂತು. ಮೇಸ್ತ್ರಿ ಮಧ್ಯಾಹ್ನ ತಪ್ಪೊಪ್ಪಿಕೊಂಡು ಸಹಿ ಹಾಕಿದ್ದಾನೆ."

ಹೊಡೆದಿರಬೇಕು ಎಂದು ಅವಳ ಬಾಯಿಗೆ ಬಂತು. ಯಾರೂ ಮುಟ್ಟಿಲ್ಲ, ಅವನೇ ಕಾಗದ ಕೇಳಿ ಪಡೆದು ಸ್ವಂತ ಕೈಯಲ್ಲಿ ಬರೆದಿದ್ದಾನೆ ಎಂದರು ದೊಡ್ಡವರು. ಓದಿ ಅಂದಳು. ಸೊಸೆಗೂ ಕೇಳಲಿ ಎಂದು ಫೋನಿನ ಸ್ಪೀಕರ್ ಹಾಕಿದಳು. ದೊಡ್ಡವರು ಕನ್ನಡಕ ಹುಡುಕಿ, ಗಂಟಲು ಸರಿಮಾಡಿಕೊಂಡು ಓದಿದರು.

‘ಬೆಂಕಿ ಬಿದ್ದ ದಿನ ಬೆಳಿಗ್ಗೆ ಮನೆಯ ಅಜ್ಜಿ ನನಗೆ ಫೋನು ಮಾಡಿದರು. ದೀಪ ತಾನೇ ಆರಿ ತಾನೇ ಹೊತ್ತುತ್ತಿದೆ ಅಂದರು. ಹೋಗಿ ಅಟ್ಟ ಹತ್ತಿದೆ. ದೀಪದ ಮೇಲೆ ಹಸಿರು ಅಂಚಿನ ರಜಾಯಿ ಇತ್ತು. ಇಳಿದು ಬಂದು ಅಜ್ಜಿಗೆ ಅದನ್ನು ಹೇಳಿ, ಈಗಲೇ ತೆಗೆಯಬೇಕು, ಇಲ್ಲದಿದ್ದರೆ ಬೆಂಕಿ ಬೀಳುತ್ತದೆ ಅಂದೆ. ಅಜ್ಜಿ ತೆಗೆಯಬೇಡ ಅಂದರು. ಬಿಟ್ಟು ಬಂದೆ. ತಪ್ಪು ನನ್ನದೇ. ಇದಕ್ಕಿಂತ ಹೆಚ್ಚು ಏನನ್ನೂ ಹೇಳುವುದಿಲ್ಲ.’

ಬೂದಿಯಕ್ಕನ ಪೊಟ್ಟಣದಲ್ಲಿದ್ದ ಬಟ್ಟೆ ಇದ್ದಿಲಿನಷ್ಟು ಕಪ್ಪು. ಅಂಚು ಹಸಿರು ಎಂದು ಅವಳಿಗೇ ಗೊತ್ತಾದದ್ದು ಒಂದು ಗಂಟೆಯ ಹಿಂದೆ, ಹಿತ್ತಲ ಮೆಟ್ಟಿಲ ಮೇಲೆ. ಈ ರಜಾಯಿಯ ಮಾತನ್ನು ಬೇರೆ ಯಾರಿಗಾದರೂ ಹೇಳಿದ್ದಿರಾ ಎಂಬಂತೆ ಸೊಸೆಯತ್ತ ನೋಡಿದಳು. ಸೊಸೆ ಇಲ್ಲವೆಂದು ತಲೆಯಾಡಿಸಿದಳು.

ಆ ಬೆಳಿಗ್ಗೆ ತಾನು ಔಷಧಿ ತರಲು ಹೋಗಿದ್ದೆ, ಗಂಡ ಕೆಲಸಕ್ಕೆ ಹೋಗಿದ್ದ, ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು ಎಂದು ಅವಳು ಬಿಡಿಬಿಡಿಯಾಗಿ ಹೇಳಿದಳು. ವಾಪಸು ಬಂದಾಗ, ಯಾರೂ ಬಂದಿರಲಿಲ್ಲ ಎಂದು ಅತ್ತೆ ಕೇಳದೆಯೇ ಹೇಳಿದ್ದರಂತೆ. ಅವತ್ತೇ ಸಂಜೆ, ದೀಪ ಹಾಕು, ಕತ್ತಲಾಯಿತು ಅಂದಿದ್ದರಂತೆ.

"ಅತ್ತೆಗೆ ಗೊತ್ತಿತ್ತು" ಅಂದಳು ಸೊಸೆ. "ರಜಾಯಿ ಇಟ್ಟಿದ್ದು ನಾನು ಅಂತಾನೂ ಗೊತ್ತಿತ್ತು. ಆ ಅಂಚು ನನ್ನ ತವರಿಂದು, ಇನ್ಯಾರ ಹತ್ರಾನೂ ಇಲ್ಲ. ನನ್ನ ಮೇಲೆ ಮಾತು ಬರ್ಬಾರ್ದು ಅಂತ ಬೇಡ ಅಂದ್ರಾ, ಇಲ್ಲಾ ತಮಗೆ ಬೆಚ್ಚಗಿದ್ರೆ ಸಾಕು ಅಂತಾನಾ?"

ಆಡಿದ ಮಾತಿಗೆ ತಾನೇ ನಾಚಿ ಕಿವಿಯವರೆಗೂ ಕೆಂಪಾದಳು.

ಫೋನಿನಲ್ಲಿ ದೊಡ್ಡವರು ಕಾಯುತ್ತಿದ್ದರು. ಆ ಹಾಳೆ ತರುತ್ತೀಯೋ ಇಲ್ಲವೋ, ಇನ್ನು ನಲವತ್ತು ನಿಮಿಷ ಇದೆ ಎಂದರು. ಬೂದಿಯಕ್ಕ ತಾನು ಬರೆದದ್ದನ್ನು ಇನ್ನೊಮ್ಮೆ ಓದಿದಳು. ಒಂದು ಸಾಲೂ ಸುಳ್ಳಿರಲಿಲ್ಲ. ಅಜ್ಜಿಯ ಮಾತಿಗೆ ಮಾತ್ರ ಅದರಲ್ಲಿ ಎಲ್ಲಿಯೂ ಜಾಗವಿರಲಿಲ್ಲ.

ಅವಳು ತಲೆ ಎತ್ತುವಷ್ಟರಲ್ಲಿ ಸೊಸೆ ಫ್ಲಾಸ್ಕು ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲನ್ನು ಎಳೆದುಕೊಳ್ಳದೆಯೇ ಹೊರಟಿದ್ದಳು. ಗೇಟು ದಾಟಿ ಎಡಕ್ಕೆ ಹೋದರೆ ನ್ಯಾಯಾಲಯ, ಬಲಕ್ಕೆ ಆಸ್ಪತ್ರೆ.

ಬಲಕ್ಕೆ ತಿರುಗಿದಳು. ನಡೆಯುತ್ತಿರಲಿಲ್ಲ, ಓಡುತ್ತಿದ್ದಳು.